ಶಾರ್ಕ್ ಹಲ್ಲು ಬಿದ್ದ ಜಾಗ

ನಿಮ್ಮಲ್ಲಿ ಯಾರಿಗಾದರೂ ಈಗ ಹಲ್ಲು ಅಲ್ಲಾಡುತ್ತಿದೆಯಾ? ನಾಲಗೆಯಿಂದ ತಳ್ಳಿ ತಳ್ಳಿ ನೋಡುವ ಮಜಾ ನನಗೂ ಗೊತ್ತು. ಬಿದ್ದ ಹಲ್ಲನ್ನು ಮಾಡಿನ ಹಂಚಿನ ಮೇಲೆ ಎಸೆದುಬಿಟ್ಟರೆ ಅಲ್ಲಿಗೆ ಅದರ ಕಥೆ ಮುಗಿಯಿತು. ಹಾಲುಹಲ್ಲು ಒಟ್ಟು 20. ಅವು ಹೋದಮೇಲೆ ಬರುವವು 32. ಅವೂ ಉದುರಿದರೆ ಮತ್ತೆ ಹುಟ್ಟುವುದಿಲ್ಲ. ಮನೆಯ ಅಜ್ಜಂದಿರು ಚಕ್ಕುಲಿ ಡಬ್ಬಿ ಕಂಡರೆ ಆಸೆಯಿಂದ ನೋಡಿ ಸುಮ್ಮನಾಗುವುದು ಅದಕ್ಕೇ.

ಕಡಲಿನ ಶಾರ್ಕಿಗೆ ಈ ಚಿಂತೆಯೇ ಇಲ್ಲ. ಮಲ್ಪೆ, ಗಂಗೊಳ್ಳಿ ಕಡೆಯವರು ತಾಟೆ ಎಂದು ಕರೆಯುವ ಮೀನು ಇದೇ. ಅದರ ಬಾಯಲ್ಲಿ ಒಂದು ಸಾಲು ಹಲ್ಲಿನ ಹಿಂದೆ ಇನ್ನೊಂದು ಸಾಲು, ಅದರ ಹಿಂದೆ ಮತ್ತೊಂದು, ಹೀಗೆ ಹಲವು ಸಾಲುಗಳು ಒಸಡಿನಲ್ಲಿ ಮಲಗಿಕೊಂಡು ತಮ್ಮ ಸರದಿ ಕಾಯುತ್ತಿರುತ್ತವೆ. ಮುಂದಿನ ಹಲ್ಲು ಕಳಚಿ ಬಿದ್ದರೆ ಹಿಂದಿನದು ಎದ್ದು ಜರುಗಿ ಆ ಜಾಗಕ್ಕೆ ಬರುತ್ತದೆ. ಈ ಹಲ್ಲುಗಳು ನಮ್ಮವುಗಳಂತೆ ದವಡೆಯ ಗುಳಿಯಲ್ಲಿ ಬೇರೂರಿಲ್ಲ, ಒಸಡಿಗೆ ಅಂಟಿಕೊಂಡಿರುತ್ತವೆ ಅಷ್ಟೆ. ಒಂದು ದೊಡ್ಡ ಮೀನನ್ನು ಕಚ್ಚಿ ಜಗ್ಗಿದರೂ ಸಾಕು, ಒಂದೆರಡು ಕಿತ್ತು ಬರಬಹುದು. ಒಂದು ಶಾರ್ಕ್ ತನ್ನ ಆಯುಸ್ಸಿನಲ್ಲಿ ಸಾವಿರಾರು ಹಲ್ಲು ಉದುರಿಸುತ್ತದೆ. ಕೆಲವು ಜಾತಿಗಳಲ್ಲಿ ಈ ಲೆಕ್ಕ 30,000 ಮುಟ್ಟಬಹುದು ಎಂಬ ಅಂದಾಜಿದೆ.

ಈ ಹಲ್ಲೆಲ್ಲ ಎಲ್ಲಿಗೆ ಹೋಗುತ್ತದೆ? ಎಸೆಯಲು ಅಲ್ಲಿ ಹಂಚಿನ ಮಾಡಿಲ್ಲ. ನೀರಿನಲ್ಲಿ ಮುಳುಗಿ ಕಡಲಿನ ತಳ ಸೇರುತ್ತದೆ. ಇವತ್ತು ಬೀಳುತ್ತಿದೆ, ನಿನ್ನೆಯೂ ಬಿದ್ದಿದೆ, ಸುಮಾರು 40 ಕೋಟಿ ವರ್ಷಗಳಿಂದಲೂ ಬೀಳುತ್ತಲೇ ಇದೆ. ಭೂಮಿಯ ಮೇಲೆ ಹಳೆಯ ಕಡಲುಗಳಿದ್ದ ಎಷ್ಟೋ ಕಡೆಗಳಲ್ಲಿ ಶಾರ್ಕ್ ಹಲ್ಲು ಸಿಗುವುದರ ಗುಟ್ಟು ಇದು.

ಹಲ್ಲು ಮಾತ್ರ ಯಾಕೆ ಸಿಗುತ್ತದೆ, ಇಡೀ ಶಾರ್ಕ್ ಯಾಕೆ ಸಿಗುವುದಿಲ್ಲ? ನಿಮ್ಮ ಕಿವಿಯನ್ನು ಸ್ವಲ್ಪ ಮಡಚಿ ನೋಡಿ. ಒಳಗೆ ಗಟ್ಟಿಯಾಗಿ ಏನೋ ಇದೆ, ಆದರೂ ಬಗ್ಗುತ್ತದೆ. ಬಿಟ್ಟರೆ ಮತ್ತೆ ನೆಟ್ಟಗಾಗುತ್ತದೆ. ಅದು ಎಲುಬಲ್ಲ, ಮೃದ್ವಸ್ಥಿ. ಶಾರ್ಕಿನ ಬೆನ್ನಿನಿಂದ ತಲೆಬುರುಡೆಯವರೆಗೆ ಇಡೀ ಅಸ್ಥಿಪಂಜರ ಆಗಿರುವುದು ಇದರಿಂದಲೇ. ಶಾರ್ಕ್ ಸತ್ತಮೇಲೆ ಈ ಮೃದ್ವಸ್ಥಿ ಬೇಗ ಕೊಳೆತುಹೋಗುತ್ತದೆ. ಹಾಗಾಗಿ ಬೆನ್ನಿನ ಮಣಿಗಳು ಅಪರೂಪಕ್ಕೆ ಸಿಗುತ್ತವೆ, ಇಡೀ ಮೈ ಸಿಗುವುದಂತೂ ಭಾಗ್ಯ. ಉಳಿಯುವುದು ಹಲ್ಲು.

ಹಲ್ಲು ಉಳಿಯಲು ಕಾರಣ ಅದರ ಹೊರಕವಚ. ನಮ್ಮ ಟೂತ್‌ಪೇಸ್ಟಿಗೆ ಫ್ಲೋರೈಡ್ ಸೇರಿಸುವುದು ಹಲ್ಲು ಗಟ್ಟಿಯಾಗಲಿ ಎಂದು ತಾನೆ? ಶಾರ್ಕಿನ ಹಲ್ಲಿನ ಕವಚದಲ್ಲಿ ಫ್ಲೋರೈಡ್ ಹುಟ್ಟುವಾಗಲೇ ಬೆರೆತಿರುತ್ತದೆ. ಇಂಥ ಹಲ್ಲು ಕೆಸರಿನಲ್ಲಿ ಹೂತುಹೋಯಿತು ಎಂದುಕೊಳ್ಳಿ. ಮೇಲೆ ಇನ್ನಷ್ಟು ಕೆಸರು, ಮರಳು, ಚಿಪ್ಪು ಬಂದು ಕೂರುತ್ತದೆ. ಕೆಸರಿನೊಳಗಿನ ನೀರಿನಲ್ಲಿ ಖನಿಜಗಳು ಕರಗಿರುತ್ತವೆ. ಹಲ್ಲಿನ ಒಳಭಾಗದಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ರಂಧ್ರಗಳಿವೆ. ಖನಿಜದ ನೀರು ಅಲ್ಲಿಗೆ ನಿಧಾನವಾಗಿ ಇಳಿದು, ಖನಿಜವನ್ನು ಬಿಟ್ಟು ಹೋಗುತ್ತದೆ. ಸಾವಿರ ವರ್ಷ, ಲಕ್ಷ ವರ್ಷ, ಕೋಟಿ ವರ್ಷ ಕಳೆಯುತ್ತದೆ. ಕೆಸರೂ ಕಲ್ಲಾಗುತ್ತದೆ, ಹಲ್ಲೂ ಕಲ್ಲಾಗುತ್ತದೆ. ಅದನ್ನೇ ಪಳೆಯುಳಿಕೆ ಎನ್ನುವುದು.

ಇಂಥ ಹಲ್ಲು ಕಪ್ಪಗಿರಬಹುದು, ಕಂದು ಇರಬಹುದು, ಬೂದಿ ಬಣ್ಣದ್ದೂ ಇರಬಹುದು. ಕಪ್ಪಾದಷ್ಟೂ ಹಳೆಯದು ಎಂದು ತುಂಬ ಜನ ನಂಬುತ್ತಾರೆ. ಹಾಗೇನಿಲ್ಲ. ಬಣ್ಣ ಬರುವುದು ಹಲ್ಲು ಮಲಗಿದ್ದ ಕೆಸರಿನ ಖನಿಜದಿಂದ. ವಯಸ್ಸು ತಿಳಿಯಬೇಕಾದರೆ ಅದು ಸಿಕ್ಕ ಕಲ್ಲಿನ ಪದರದ ವಯಸ್ಸನ್ನು ನೋಡಬೇಕು.

ಇವು ಹಲ್ಲು ಎಂದು ಜನರಿಗೆ ಹೊಳೆಯಲೂ ತುಂಬ ಕಾಲ ಹಿಡಿಯಿತು. ಯುರೋಪಿನಲ್ಲಿ, ಮುಖ್ಯವಾಗಿ ಮಾಲ್ಟಾ ದ್ವೀಪದಲ್ಲಿ, ಬಂಡೆಯೊಳಗೆ ಸಿಗುತ್ತಿದ್ದ ಈ ತ್ರಿಕೋನದ ಕಲ್ಲುಗಳನ್ನು ಕಲ್ಲಾದ ಹಾವಿನ ನಾಲಗೆ ಎಂದು ತಿಳಿದು, ವಿಷ ತಾಗದಿರಲಿ ಎಂದು ಮೈಮೇಲೆ ಧರಿಸುತ್ತಿದ್ದರು. 1666ರಲ್ಲಿ ಇಟಲಿಯ ಕಡಲತೀರದಲ್ಲಿ ಭಾರೀ ಶಾರ್ಕೊಂದು ಸಿಕ್ಕಿಬಿತ್ತು. ಅದರ ತಲೆಯನ್ನು ಫ್ಲಾರೆನ್ಸ್ ನಗರಕ್ಕೆ ತರಿಸಿ, ನಿಕೊಲಾಸ್ ಸ್ಟೆನೊ ಎಂಬ ಡೆನ್ಮಾರ್ಕಿನ ವೈದ್ಯನಿಗೆ ಕೊಯ್ದು ನೋಡಲು ಕೊಟ್ಟರು. ಬಾಯಿ ತೆರೆದು ನೋಡಿದರೆ ಅದೇ ‘ಹಾವಿನ ನಾಲಗೆ’ಗಳು ಸಾಲುಸಾಲಾಗಿ! ಇವು ಬಂಡೆಯಲ್ಲಿ ಹುಟ್ಟಿದ್ದಲ್ಲ, ಹಿಂದೆ ಬದುಕಿದ್ದ ಶಾರ್ಕುಗಳ ಹಲ್ಲು ಎಂದು ಸ್ಟೆನೊ ಮರುವರ್ಷ ಬರೆದ. ಹಾಗಿದ್ದರೆ ಆ ಬಂಡೆ ಒಮ್ಮೆ ಕಡಲ ತಳದ ಕೆಸರಾಗಿತ್ತು ಎಂದಾಯಿತಲ್ಲ? ಆ ಪ್ರಶ್ನೆಯನ್ನು ಅವನು ಬಿಡಲಿಲ್ಲ. ಕಲ್ಲಿನ ಪದರಗಳನ್ನು ಕೆಳಗಿನಿಂದ ಮೇಲಕ್ಕೆ ಓದುವ ವಿದ್ಯೆಗೆ ಅವನೂ ಒಬ್ಬ ಮೂಲಪುರುಷ.

ಈಗ ಹಲ್ಲನ್ನು ನಾವೇ ಓದೋಣ. ಮನೆಯವರೆಲ್ಲ ಊರಿಗೆ ಹೋಗಿರುವ ಯಾವುದೋ ಮನೆಯ ಅಡುಗೆಮನೆಗೆ ನೀವು ಕಾಲಿಟ್ಟಿದ್ದೀರಿ. ಮಾತಾಡಿಸಲು ಯಾರೂ ಇಲ್ಲ. ಒರಳು ಇದೆ, ಮೆಟ್ಟುಗತ್ತಿ ಇದೆ, ಹೆರೆಮಣೆ ಇದೆ, ಇಕ್ಕಳ ಇದೆ. ಆ ಮನೆಯವರ ಊಟ ಏನು ಎಂದು ಪಾತ್ರೆಪಡಗ ನೋಡಿಯೇ ನೀವು ಊಹಿಸಬಲ್ಲಿರಿ. ಶಾರ್ಕ್ ಹಲ್ಲನ್ನು ಓದುವುದೂ ಹೀಗೆಯೇ.

ಉದ್ದಕ್ಕೆ, ಸಣ್ಣಗೆ, ತುಸು ಬಾಗಿದ ಹಲ್ಲು ಸಿಕ್ಕರೆ ಅದು ಇಕ್ಕಳ. ಜಾರುವ ಮೀನನ್ನು ಹಿಡಿದು ಇಡೀ ನುಂಗುವ ಶಾರ್ಕಿನದು. ಅಗಲವಾದ ತ್ರಿಕೋನ, ಅಂಚಿನಲ್ಲಿ ಹೆರೆಮಣೆಯ ತುದಿಯಲ್ಲಿರುವಂಥ ಸಣ್ಣ ಸಣ್ಣ ಕಚ್ಚು ಇದ್ದರೆ, ಅದು ದೊಡ್ಡ ಪ್ರಾಣಿಯ ಮಾಂಸವನ್ನು ಕೊಯ್ದು ತಿನ್ನುವಂಥದ್ದು. ಚಪ್ಪಟೆಯಾಗಿ, ದಪ್ಪಗೆ, ಮೇಲೆ ಗೆರೆಗೆರೆಯಾಗಿದ್ದರೆ ಅದು ಒರಳು. ಚಿಪ್ಪು ಒಡೆಯಲು, ಏಡಿಯನ್ನು ಪುಡಿಮಾಡಲು. ಊಟ ತಿಳಿದರೆ ಆ ಕಡಲಿನಲ್ಲಿ ಇನ್ನು ಯಾರ್‍ಯಾರು ಇದ್ದರು ಎಂಬುದರ ಸುಳಿವು ಸಿಕ್ಕಿತು. ಒರಳು ಇದ್ದ ಮೇಲೆ ಅರೆಯಲು ಏನಾದರೂ ಇದ್ದಿರಲೇಬೇಕಲ್ಲ!

ಹಲ್ಲಿನ ಗಾತ್ರಕ್ಕೂ ಮಾತು ಬರುತ್ತದೆ. ಮೆಗಾಲೊಡಾನ್ ಎಂಬ ರಾಕ್ಷಸ ಶಾರ್ಕಿನ ಹೆಸರನ್ನು ನೀವು ಕೇಳಿರುತ್ತೀರಿ. ಅದರ ಅತಿದೊಡ್ಡ ಹಲ್ಲುಗಳು 17 ಸೆಂಟಿಮೀಟರಿಗೂ ಉದ್ದ, ಸ್ಕೇಲ್ ಇಟ್ಟು ನೋಡಿ. ಅಮೆರಿಕ ಖಂಡದ ಪನಾಮಾದಲ್ಲಿ ಸುಮಾರು ಒಂದು ಕೋಟಿ ವರ್ಷ ಹಳೆಯ ಪದರದಲ್ಲಿ ಇದೇ ಶಾರ್ಕಿನ ಹಲ್ಲುಗಳು ಸಿಕ್ಕವು, ಆದರೆ ಹೆಚ್ಚಿನವು ಪುಟ್ಟಪುಟ್ಟವು. ಅಂದರೆ ಮರಿಗಳ ಹಲ್ಲು. ಅದು ಆಳವಿಲ್ಲದ ಕೊಲ್ಲಿಯಾಗಿತ್ತು, ದೊಡ್ಡ ಬೇಟೆಗಾರರಿಂದ ದೂರವಾಗಿ ಮರಿಗಳು ಬೆಳೆಯುತ್ತಿದ್ದ ಜಾಗವಾಗಿತ್ತು ಎಂದು 2010ರಲ್ಲಿ ವಿಜ್ಞಾನಿಗಳು ವಾದಿಸಿದರು. ನೋಡಿ, ಹಲ್ಲಿನ ಅಳತೆಯಿಂದ ಒಂದು ಬಾಲವಾಡಿಯೇ ಸಿಕ್ಕಿಬಿಟ್ಟಿತು.

ನೀವು ಆಗಿನಿಂದ ಒಂದು ಪ್ರಶ್ನೆಯನ್ನು ಬಾಯಲ್ಲಿಟ್ಟುಕೊಂಡು ಕೂತಿದ್ದೀರಿ, ನನಗೆ ಗೊತ್ತು. ಬಸರೀಕಟ್ಟೆಯ ನಮ್ಮ ತೋಟದ ಹಳ್ಳದಲ್ಲಿ ಹುಡುಕಿದರೆ ಶಾರ್ಕ್ ಹಲ್ಲು ಸಿಗುತ್ತದಾ? ಕೊಪ್ಪದಲ್ಲಿ? ಶೃಂಗೇರಿಯ ತುಂಗೆಯ ದಡದಲ್ಲಿ? ನರಸಿಂಹರಾಜಪುರದ ಭದ್ರೆಯ ಹಿನ್ನೀರಿನಲ್ಲಿ? ಸಿಗುವುದಿಲ್ಲ. ಆದರೆ ‘ಇದು ಕಡಲಲ್ಲ, ಬೆಟ್ಟ, ಅದಕ್ಕೆ ಸಿಗುವುದಿಲ್ಲ’ ಎಂದರೆ ಉತ್ತರ ತಪ್ಪಾಯಿತು. ನಿಜವಾದ ಕಾರಣ ಇನ್ನೂ ಸೊಗಸಾಗಿದೆ.

ಶಾಲೆಯ ಮೈದಾನಕ್ಕೆ ಬನ್ನಿ. ಒಂದು ಹೆಜ್ಜೆಗೆ ಒಂದು ಕೋಟಿ ವರ್ಷ ಎಂದು ಒಪ್ಪಿಕೊಳ್ಳೋಣ. ನೀವು ನಿಂತಿರುವ ಗೆರೆ ಇವತ್ತಿನ ದಿನ. ಹಿಂದಕ್ಕೆ ಹೆಜ್ಜೆ ಹಾಕುತ್ತಾ ಹೋಗಿ. ಮನುಷ್ಯರು ಭೂಮಿಯ ಮೇಲೆ ಇರುವುದು ಸುಮಾರು ಮೂರು ಲಕ್ಷ ವರ್ಷದಿಂದ. ಅದು ಮೊದಲ ಹೆಜ್ಜೆಯಲ್ಲಿ ಹೆಬ್ಬೆರಳಿನ ಅಗಲದಷ್ಟೂ ಆಗುವುದಿಲ್ಲ. ಆರೂವರೆ ಹೆಜ್ಜೆ ದಾಟಿದಿರಾ? ಡೈನೋಸಾರ್‌ಗಳು ಇನ್ನೂ ಇವೆ. ಸುಮಾರು 40 ಹೆಜ್ಜೆಗೆ ಬಂದಾಗ ಶಾರ್ಕುಗಳ ಅತಿ ಹಳೆಯ ಹಲ್ಲುಗಳು ಸಿಗುತ್ತವೆ. ಅದಕ್ಕೂ ಹಿಂದಕ್ಕೆ ಹೋದಂತೆ ಕಡಲಿನಲ್ಲಿ ಶಾರ್ಕ್ ಇಲ್ಲ, ಮತ್ತೂ ಹಿಂದೆ ಹೋದರೆ ಮೀನೇ ಇಲ್ಲ. ನಮ್ಮ ಮಲೆನಾಡಿನ ಅಡಿಗಲ್ಲು ಹುಟ್ಟಿದ ಕಾಲಕ್ಕೆ ಹೋಗಬೇಕಾದರೆ 250 ಹೆಜ್ಜೆಗೂ ಆಚೆ ನಡೆಯಬೇಕು. ಮೈದಾನ ಮುಗಿದು, ಗೇಟು ದಾಟಿ, ರಸ್ತೆಗೆ ಬಿದ್ದಿರುತ್ತೀರಿ. ಹುಷಾರು, ಬಸ್ಸು ಬಂದೀತು.

ಆ 250 ಹೆಜ್ಜೆಗೂ ಆಚೆ ಇಲ್ಲಿ ಕಡಲು ಇತ್ತು! ಕಳಸ ದಾಟಿ ಹೋದರೆ ಸಿಗುವ ಕುದುರೆಮುಖದ ಕಬ್ಬಿಣದ ಅದಿರನ್ನು ನೋಡಿದವರಿಗೆ ಗೊತ್ತು, ಅದರಲ್ಲಿ ಕಪ್ಪು ಪಟ್ಟಿ, ಬಿಳಿ ಪಟ್ಟಿ, ಮತ್ತೆ ಕಪ್ಪು ಪಟ್ಟಿ ಇರುತ್ತವೆ. ಆ ಕಾಲದ ಕಡಲ ನೀರಿನಲ್ಲಿ ಕಬ್ಬಿಣ ಕರಗಿತ್ತು. ಅದು ಪದರಪದರವಾಗಿ ತಳಕ್ಕೆ ಇಳಿದು ಕಲ್ಲಾಯಿತು. ಬಾಬಾಬುಡನ್ ಗಿರಿಯ ಕಬ್ಬಿಣದ ಕಲ್ಲಿನ ಕಥೆಯೂ ಇದೇ. 2005ರ ಕೊನೆಯವರೆಗೂ ಕುದುರೆಮುಖದಲ್ಲಿ ಗಣಿಯಿಂದ ಅಗೆದು ತೆಗೆಯುತ್ತಿದ್ದದ್ದು ಒಂದು ಮುದಿ ಕಡಲಿನ ತಳವನ್ನೇ. ಅಂತೂ ನಮ್ಮಲ್ಲಿ ಕಡಲಿತ್ತು, ಹಲ್ಲು ಉದುರಿಸುವವರು ಇನ್ನೂ ಹುಟ್ಟಿರಲಿಲ್ಲ.

ನಂಬಿಕೆ ಬರಲಿಲ್ಲವಾದರೆ ಹಾಳಾದ ಸ್ಪೀಕರಿನ ಅಯಸ್ಕಾಂತವೊಂದನ್ನು ಕಾಗದದಲ್ಲಿ ಸುತ್ತಿಕೊಂಡು ಭದ್ರೆಯ ದಡಕ್ಕೆ ಹೋಗಿ, ದೊಡ್ಡವರನ್ನು ಕರೆದುಕೊಂಡು. ಮಳೆ ನಿಂತು ನೀರು ಇಳಿದಮೇಲೆ ಮರಳಿನ ಮೇಲೆ ಕಪ್ಪು ಗೆರೆಗಳು ಕಾಣುತ್ತವೆ. ಅದರ ಮೇಲೆ ಅಯಸ್ಕಾಂತ ಆಡಿಸಿದರೆ ಕಪ್ಪು ಕಣಗಳು ಮೀಸೆಯ ಹಾಗೆ ನಿಂತುಕೊಂಡು ಕಾಗದಕ್ಕೆ ಕಚ್ಚಿಕೊಳ್ಳುತ್ತವೆ. ಅದು ಮ್ಯಾಗ್ನೆಟೈಟ್, ಕಬ್ಬಿಣದ ಖನಿಜ. ಭದ್ರೆ ಕುದುರೆಮುಖದ ಮಗ್ಗುಲಿನಿಂದ ಇಳಿದು ಕಳಸ, ಬಾಳೆಹೊನ್ನೂರು ದಾಟಿ ಬರುವ ಹೊಳೆಯಲ್ಲವೆ, ಆ ಕಣಗಳಲ್ಲಿ ಒಂದಿಷ್ಟಾದರೂ ಹಳೆಯ ಕಡಲ ತಳದಿಂದಲೇ ತೇದು ಬಂದವು.

ಹಾಗಾದರೆ ಹಲ್ಲು ನೋಡಲು ಎಲ್ಲಿಗೆ ಹೋಗಬೇಕು? ನನ್ನನ್ನು ಕೇಳಿದರೆ ಕಾವೇರಿಯನ್ನು ಹಿಂಬಾಲಿಸಿ ಎನ್ನುತ್ತೇನೆ. ಕೊಡಗಿನಲ್ಲಿ ಹುಟ್ಟಿ, ಶ್ರೀರಂಗಪಟ್ಟಣ ಸುತ್ತಿ, ತಮಿಳುನಾಡಿಗೆ ಇಳಿದು, ತಿರುಚಿನಾಪಳ್ಳಿ ಮುಟ್ಟುತ್ತದಲ್ಲ, ಅಲ್ಲಿಂದ ಉತ್ತರಕ್ಕೆ ಅರಿಯಲೂರು, ಪೆರಂಬಲೂರು ಸೀಮೆ. ಸಿಮೆಂಟ್ ಕಾರ್ಖಾನೆಗಳ ಊರು. ಸಿಮೆಂಟಿಗೆ ಸುಣ್ಣಕಲ್ಲು ಬೇಕು. ಅಲ್ಲಿನ ಸುಣ್ಣಕಲ್ಲಿನ ಗಣಿಗಳಲ್ಲಿ ಕೈಯಗಲದ ಹಳೆಯ ಕಪ್ಪೆಚಿಪ್ಪುಗಳು ಒತ್ತೊತ್ತಾಗಿ ತುಂಬಿವೆ. ಇಂದಿನ ಕಡಲು ಅಲ್ಲಿಂದ ಪೂರ್ವಕ್ಕೆ ಬಹಳ ದೂರ. ಚಿಪ್ಪುಗಳು ಮಾತ್ರ ಇಲ್ಲೇ ಉಳಿದುಕೊಂಡಿವೆ.

ಈ ಸೀಮೆಯ ಪಳೆಯುಳಿಕೆಗಳು ಲೋಕಕ್ಕೆ ತಿಳಿದದ್ದು 1840ರ ದಶಕದಲ್ಲಿ. ಕೇ ಮತ್ತು ಕನ್ಲಿಫ್ ಎಂಬ ಇಬ್ಬರು ಪಾಂಡಿಚೇರಿ, ತಿರುಚಿನಾಪಳ್ಳಿ ಕಡೆಯಲ್ಲಿ ಕಲ್ಲಾದ ಚಿಪ್ಪು, ಹಲ್ಲುಗಳನ್ನು ಆರಿಸಿ ಲಂಡನ್ನಿಗೆ ಕಳಿಸಿದರು. ಅವುಗಳಲ್ಲಿದ್ದ ಮೀನಿನ ಅವಶೇಷಗಳ ಬಗ್ಗೆ ಫಿಲಿಪ್ ಎಗರ್ಟನ್ ಎಂಬ ವಿಜ್ಞಾನಿ 1845ರಲ್ಲಿ ಬರೆದ. ಅಂದರೆ ನಮ್ಮ ದಕ್ಷಿಣದ ಶಾರ್ಕ್ ಹಲ್ಲುಗಳು ಹಡಗು ಹತ್ತಿ ಕಡಲು ದಾಟಿ ಎಷ್ಟೋ ಕಾಲವಾಯಿತು.

ಅಲ್ಲಿ ಕಾರೈ ಎಂಬ ಹಳ್ಳಿಯಿದೆ. ಅದರ ಸುತ್ತ ಗಿಡಮರ ಕಡಿಮೆ. ಜೇಡಿಮಣ್ಣಿನ ದಿಬ್ಬಗಳನ್ನು ಮಳೆನೀರು ಕೊರೆದು ಕೊರೆದು ಕೊರಕಲು ಮಾಡಿಟ್ಟಿದೆ. ಬಿಸಿಲಿಗೆ ಅಲ್ಲಲ್ಲಿ ಜಿಪ್ಸಮ್ಮಿನ ಚೂರುಗಳು ಮಿಂಚುತ್ತವೆ. ಈ ಜೇಡಿ ಸುಮಾರು 10 ಕೋಟಿ ವರ್ಷ ಹಿಂದಿನ ಕಡಲ ತಳದ ಕೆಸರು. ನಮ್ಮ ಮೈದಾನದ ಲೆಕ್ಕದಲ್ಲಿ ಹತ್ತೇ ಹೆಜ್ಜೆ. ಸುರುಳಿ ಸುತ್ತಿದ ಅಮ್ಮೊನೈಟ್ ಚಿಪ್ಪು, ಗುಂಡಿನ ಆಕಾರದ ಬೆಲೆಮ್ನೈಟ್, ಇಕ್ತಿಯೋಸಾರ್ ಎಂಬ ಕಡಲ ಸರೀಸೃಪದ ಹಲ್ಲು, ಇವೆಲ್ಲದರ ಜೊತೆಗೆ ಶಾರ್ಕ್ ಹಲ್ಲುಗಳು ಈ ಕೆಸರಿನಲ್ಲಿವೆ.

ಹಲ್ಲು ಹುಡುಕುವುದೆಂದರೆ ಸುತ್ತಿಗೆ ಹಿಡಿದು ಬಂಡೆ ಒಡೆಯುವುದು ಎಂದುಕೊಂಡಿರಾ? ಜೇಡಿಯಲ್ಲಿ ಹಾಗಲ್ಲ. ಮೇಲೆ ಎದ್ದು ಕಾಣುವ ದೊಡ್ಡ ಹಲ್ಲು ಕಣ್ಣಿಗೆ ಬೀಳುತ್ತದೆ, ನಿಜ. ಸಣ್ಣವು ಸಾಸಿವೆಗಿಂತ ತುಸು ದೊಡ್ಡವಿರಬಹುದು. ಅದಕ್ಕಾಗಿ ಜೇಡಿಯನ್ನೇ ಚೀಲಗಟ್ಟಲೆ ತುಂಬಿಕೊಂಡು ಬರುತ್ತಾರೆ. ಬಿಸಿಲಿಗೆ ಒಣಗಿಸಿ ನೀರಿನಲ್ಲಿ ನೆನೆಹಾಕುತ್ತಾರೆ. ಮಣ್ಣು ಕರಗುತ್ತದೆ. ಸಣ್ಣ ಕಣ್ಣಿನ ಜರಡಿಯಲ್ಲಿ ತೊಳೆದರೆ ಕೆಸರು ಹೋಗಿ, ಮರಳು, ಚಿಪ್ಪಿನ ಚೂರು, ಹಲ್ಲು ಉಳಿಯುತ್ತದೆ. ಅದನ್ನು ಒಣಗಿಸಿ, ಒಂದು ಚಿಟಿಕೆಯಷ್ಟು ತಟ್ಟೆಗೆ ಹಾಕಿ ಸೂಕ್ಷ್ಮದರ್ಶಕದ ಕೆಳಗಿಡುತ್ತಾರೆ. ಆಮೇಲೆ ಬಣ್ಣ ಬಳಿಯುವ ಸಣ್ಣ ಕುಂಚದ ತುದಿಯನ್ನು ಒದ್ದೆ ಮಾಡಿಕೊಂಡು ಒಂದೊಂದೇ ಹಲ್ಲನ್ನು ಎತ್ತಿಡುವುದು. ಕುತ್ತಿಗೆ ನೋಯುತ್ತದೆ. ಅಕ್ಕಿ ಆರಿಸುವ ಅಜ್ಜಿಯಂದಿರು ಈ ಕೆಲಸಕ್ಕೆ ನಿಂತರೆ ವಿಜ್ಞಾನಿಗಳನ್ನು ಸೋಲಿಸಿಯಾರು ಎಂದು ನನ್ನ ಗುಮಾನಿ.

ಹೀಗೆ ಆರಿಸಿದ ಕಾರೈ ಹಲ್ಲುಗಳ ಬಗ್ಗೆ 2011ರಲ್ಲಿ ಭಾರತ, ಇಂಗ್ಲೆಂಡ್, ಅಮೆರಿಕದ ವಿಜ್ಞಾನಿಗಳು ಸೇರಿ ಬರೆದರು. ಜಗತ್ತಿಗೆ ಹೊಸದಾದ ಎರಡು ಶಾರ್ಕುಗಳಿಗೆ ಹೆಸರಿಟ್ಟರು. ಒಂದು ದ್ವಾರ್ಡಿಯಸ್ ಸುಡಿಂಡಿಕಸ್, ಹೆಸರಿನಲ್ಲೇ ದಕ್ಷಿಣ ಭಾರತವನ್ನು ಹೊತ್ತ ದೊಡ್ಡ ಬೇಟೆಗಾರ. ಇನ್ನೊಂದು ಗ್ಲಾಡಿಯೋಸೆರಾಟಸ್ ಮ್ಯಾಗ್ನಸ್. ಇದರ ಒಂದೇ ಹಲ್ಲಿನ ಮೇಲೆ ಹಲವು ಮೊನೆಗಳು ಓರೆಯಾಗಿ ಸಾಲುಗಟ್ಟಿರುತ್ತವೆ, ಗರಗಸದ ತುಂಡೊಂದನ್ನು ಮುರಿದಿಟ್ಟ ಹಾಗೆ. ಸ್ಕ್ವಾಲಿಕೊರಾಕ್ಸ್ ಎಂಬ ಕಚ್ಚಂಚಿನ ಹಲ್ಲಿನವನೂ ಅದೇ ಕೆಸರಿನಲ್ಲಿದ್ದಾನೆ. ಒಂದೇ ಕಡಲಿನಲ್ಲಿ ಇಷ್ಟು ಬಗೆಯ ಬೇಟೆಗಾರರಿಗೆ ಊಟ ಸಾಕಾಗಬೇಕಾದರೆ ಅಲ್ಲಿ ಮೀನು ಮತ್ತಿತರ ಜೀವಿಗಳು ಧಾರಾಳವಾಗಿ ಇದ್ದಿರಬೇಕು.

ಗ್ಲಾಡಿಯೋಸೆರಾಟಸ್‌ನ ಇಂದಿನ ನೆಂಟರು ಹೆಚ್ಚಾಗಿ ಆಳದ, ತಣ್ಣನೆಯ ನೀರಿನಲ್ಲಿ ಇರುವವರು. ಉಳಿದ ಶಾರ್ಕುಗಳಿಗೆ ಸಾಮಾನ್ಯವಾಗಿ ಐದು ಕಿವಿರು ಸೀಳಿದ್ದರೆ ಇವರಿಗೆ ಆರೋ ಏಳೋ. ಹಾಗೆಂದು ‘ಕಾರೈ ಕಡಲು ಆಳವಾಗಿತ್ತು’ ಎಂದು ಒಂದೇ ಹಲ್ಲಿನ ಮೇಲೆ ತೀರ್ಪು ಬರೆಯಬಾರದು. ನೆಂಟರು ಈಗ ಇರುವ ಮನೆ ಬೇರೆ, ಅಜ್ಜಂದಿರು ಆಗ ಇದ್ದ ಮನೆ ಬೇರೆ ಆಗಿರಬಹುದು. ಆದ್ದರಿಂದ ಜೊತೆಗೆ ಸಿಕ್ಕವರನ್ನೂ ವಿಚಾರಿಸಬೇಕು. ನೀರಿನಲ್ಲಿ ತೇಲಾಡುತ್ತಿದ್ದ ಅಮ್ಮೊನೈಟ್ ಎಷ್ಟಿವೆ? ತಳಕ್ಕೆ ಅಂಟಿಕೊಳ್ಳುವ ಚಿಪ್ಪು ಎಷ್ಟಿವೆ? ಮಣ್ಣು ನಯವೋ, ಮರಳೋ? ನಯವಾದ ಜೇಡಿ ನಿಂತ ನೀರಿನಲ್ಲಿ ಮಾತ್ರ ಕೆಳಗೆ ಕೂರುತ್ತದೆ, ತೆರೆ ಬಡಿಯುವ ದಡದಲ್ಲಿ ಕೂರುವುದಿಲ್ಲ. ಹಲ್ಲಿನ ಅಂಚನ್ನೂ ನೋಡಬೇಕು. ಇನ್ನೂ ಚೂಪಾಗಿದ್ದರೆ ಬಿದ್ದಲ್ಲೇ ಹೂತಿದೆ. ಸವೆದು ಗುಂಡಗಾಗಿದ್ದರೆ ತೆರೆಗಳು ಅದನ್ನು ಬಹಳ ದಿನ ಉರುಳಾಡಿಸಿವೆ.

ಹತ್ತಿರದಲ್ಲೇ ನೆಲವಿತ್ತೇ ಎಂದು ಕೇಳಲು ಅಲ್ಲೊಬ್ಬ ಸಾಕ್ಷಿಯೂ ಇದ್ದಾನೆ. ಪೆರಂಬಲೂರು ಜಿಲ್ಲೆಯ ಸಾತನೂರಿನಲ್ಲಿ 18 ಮೀಟರ್ ಉದ್ದದ ಕಲ್ಲಾದ ಮರದ ಕಾಂಡ ಮಲಗಿದೆ. 1940ರಲ್ಲಿ ಎಂ. ಎಸ್. ಕೃಷ್ಣನ್ ಎಂಬ ಭೂವಿಜ್ಞಾನಿ ಅದನ್ನು ಗುರುತಿಸಿದರು. ಅದು ಇರುವುದು ಕಡಲಿನ ಕೆಸರಿನ ಪದರದಲ್ಲಿ. ಮರ ಕಡಲಿನಲ್ಲಿ ಬೆಳೆಯುವುದಿಲ್ಲವಲ್ಲ. ನಮ್ಮಲ್ಲಿ ಆಟಿಯ ಮಳೆಗೆ ಹೊಳೆಯಲ್ಲಿ ಮರ ತೇಲಿಹೋಗುವುದನ್ನು ನೋಡಿದ್ದೀರಲ್ಲ, ಹಾಗೆಯೇ ಕಾಡಿನ ಮರವೊಂದು ತೇಲಿಬಂದು, ನೀರು ಕುಡಿದು ಮುಳುಗಿ, ಹೂತುಹೋಗಿದೆ. ಅದೇ ಸೀಮೆಯ ಮೇಲಿನ, ಅಂದರೆ ಈಚಿನ ಪದರಗಳಲ್ಲಿ ಡೈನೋಸಾರ್ ಎಲುಬುಗಳೂ ಸಿಕ್ಕಿವೆ. ಕಡಲು ಆ ಹೊತ್ತಿಗೆ ಹಿಂದೆ ಸರಿದಿತ್ತು.

ಕಾರೈ ಜೇಡಿಯಲ್ಲಿ ‘ಒರಳು’ ಹಲ್ಲೂ ಸಿಕ್ಕಿದೆ. ಅದರ ಒಡೆಯನ ಹೆಸರು ಟೈಕೋಡಸ್. ಇದರ ಕಥೆ ನನಗೆ ತುಂಬ ಇಷ್ಟ. ದಿಂಬಿನಂತೆ ಉಬ್ಬಿದ, ಗೆರೆಗೆರೆಯ ನೂರಾರು ಹಲ್ಲುಗಳು ಇದರ ದವಡೆಯಲ್ಲಿ ಒಂದಕ್ಕೊಂದು ತಾಗಿ ಹಾಸಿಕೊಂಡಿದ್ದವು. ಇದು ತಳದಲ್ಲಿ ನಿಧಾನವಾಗಿ ಓಡಾಡಿಕೊಂಡು ಚಿಪ್ಪು ಅಗಿಯುತ್ತಿದ್ದ ಮೀನು, ಬಹುಶಃ ತೊರಕೆಯ ಹಾಗಿತ್ತು ಎಂದು ಹಲವರು ಎಣಿಸಿದ್ದರು. ಹಲ್ಲು ನೋಡಿದರೆ ಯಾರಿಗಾದರೂ ಹಾಗೇ ಅನ್ನಿಸುತ್ತದೆ. 2024ರಲ್ಲಿ ಮೆಕ್ಸಿಕೋದ ಗಣಿಯಿಂದ ಬಂದ ಟೈಕೋಡಸ್‌ನ ಇಡೀ ಮೈಯ ಅಚ್ಚುಗಳ ವಿವರ ಹೊರಬಿತ್ತು. ನೋಡಿದರೆ ಮೈ ಕಟ್ಟು ವೇಗವಾಗಿ ಈಜುವ ಶಾರ್ಕಿನದು! ತಳದಲ್ಲಿ ಕೂತು ತಿನ್ನುವುದರ ಬದಲು ತೆರೆದ ನೀರಿನಲ್ಲಿ ಅಮ್ಮೊನೈಟ್, ಆಮೆಗಳನ್ನು ಅಟ್ಟಿಸಿಕೊಂಡು ಹೋಗಿ ಕಡಿಯುತ್ತಿತ್ತು ಎಂದು ಈಗ ತೋರುತ್ತದೆ. ಏನನ್ನು ಒಡೆಯುತ್ತಿತ್ತು ಎಂಬುದನ್ನು ಹಲ್ಲು ಸರಿಯಾಗಿಯೇ ಹೇಳಿತ್ತು. ಎಲ್ಲಿ ಒಡೆಯುತ್ತಿತ್ತು ಎನ್ನುವುದನ್ನು ನಾವು ಸೇರಿಸಿಕೊಂಡಿದ್ದೆವು.

ಇನ್ನೊಂದು ಬಗೆಯ ಓದು ಇದೆ, ಅದು ಕಣ್ಣಿಗೆ ಕಾಣುವುದಲ್ಲ. ನೀರಿನಲ್ಲಿ ಆಮ್ಲಜನಕ ಇದೆ ಎಂದು ಪಾಠದಲ್ಲಿ ಬರುತ್ತದೆ. ಆ ಆಮ್ಲಜನಕದಲ್ಲಿ ಹಗುರದ್ದು, ತುಸು ಭಾರದ್ದು ಎಂದು ಬೇರೆ ಬೇರೆ ಬಗೆಗಳಿವೆ. ಶಾರ್ಕಿನ ಹಲ್ಲು ಬೆಳೆಯುವಾಗ ಅದಕ್ಕೆ ಎರಡೂ ಸೇರುತ್ತವೆ. ನೀರು ತಣ್ಣಗಿದ್ದರೆ ಭಾರದ್ದು ಒಂಚೂರು ಹೆಚ್ಚು, ಬೆಚ್ಚಗಿದ್ದರೆ ಒಂಚೂರು ಕಡಿಮೆ. ಹಲ್ಲಿನ ಪುಡಿಯನ್ನು ಯಂತ್ರದಲ್ಲಿ ತೂಗಿನೋಡಿದರೆ ಕೋಟಿ ವರ್ಷ ಹಿಂದಿನ ನೀರಿನ ಬಿಸಿಯನ್ನು ಅಂದಾಜು ಮಾಡಬಹುದು. ಹಲ್ಲು ಶಾರ್ಕಿನ ಬಾಯಲ್ಲಿ ಬೆಳೆಯುವುದು ಸ್ವಲ್ಪ ಕಾಲವಾದ್ದರಿಂದ ಆ ಅವಧಿಯ ನೀರಿನ ಗುರುತು ಅದರಲ್ಲಿ ಉಳಿಯುತ್ತದೆ.

ಮಳೆನೀರು, ಹೊಳೆನೀರಿನ ಲೆಕ್ಕ ಬೇರೆ. ಅರಬ್ಬಿ ಕಡಲಿನಿಂದ ಎದ್ದ ಮೋಡ ಆಗುಂಬೆಯ ಘಟ್ಟ ಹತ್ತುವಾಗ ಭಾರದ ಆಮ್ಲಜನಕವಿರುವ ನೀರನ್ನು ತುಸು ಹೆಚ್ಚಾಗಿ ಮೊದಲೇ ಸುರಿಸಿಬಿಡುತ್ತದೆ. ಒಳನಾಡಿಗೆ ಬಂದಷ್ಟೂ ಮಳೆನೀರು ಹಗುರ. ಆದ್ದರಿಂದ ಹೊಳೆನೀರು ಧಾರಾಳವಾಗಿ ಬೆರೆತ ಕಡಲಿನಲ್ಲಿ ಬೆಳೆದ ಹಲ್ಲು ಹಗುರದ್ದನ್ನೇ ಹೆಚ್ಚು ಹಿಡಿದುಕೊಂಡಿರುತ್ತದೆ. ಕೆನಡಾದ ಉತ್ತರ ಭಾಗದಲ್ಲಿ, ಈಗ ಹಿಮ ಮುಚ್ಚುವ ಬ್ಯಾಂಕ್ಸ್ ದ್ವೀಪದಲ್ಲಿ, ನಾಲ್ಕೈದು ಕೋಟಿ ವರ್ಷ ಹಳೆಯ ಶಾರ್ಕ್ ಹಲ್ಲುಗಳು ಸಿಕ್ಕಿವೆ. ಅವುಗಳನ್ನು ಹೀಗೆ ಪರೀಕ್ಷಿಸಿದಾಗ ತಿಳಿದದ್ದು, ಆಗಿನ ಉತ್ತರಧ್ರುವದ ಕಡಲಿನ ನೀರು ಸಪ್ಪೆ ಸಪ್ಪೆಯಾಗಿತ್ತು, ಶಾರ್ಕುಗಳು ಆ ಅರೆ ಉಪ್ಪು ನೀರಿನಲ್ಲಿ ಆರಾಮಾಗಿ ಇದ್ದವು ಎಂದು. 2014ರ ಸಂಶೋಧನೆ ಇದು. ನೀರಿನ ರುಚಿಯನ್ನೂ ಹಲ್ಲು ಬಿಟ್ಟುಕೊಡುತ್ತದೆ!

ಇದರಲ್ಲೂ ಒಂದು ತೊಡಕಿದೆ. ಕೆಲವು ಶಾರ್ಕುಗಳ ಮೈ ಸುತ್ತಲಿನ ನೀರಿಗಿಂತ ಬೆಚ್ಚಗಿರುತ್ತದೆ. ಮೆಗಾಲೊಡಾನ್‌ನ ಮೈ ನೀರಿಗಿಂತ ಸುಮಾರು 7 ಡಿಗ್ರಿ ಬೆಚ್ಚಗಿತ್ತು ಎಂದು 2023ರಲ್ಲಿ ಅದರ ಹಲ್ಲುಗಳಿಂದಲೇ ಲೆಕ್ಕಹಾಕಿದರು. ಅಂಥವನ ಹಲ್ಲನ್ನು ನೀರಿನ ಥರ್ಮಾಮೀಟರ್ ಎಂದು ನಂಬಿದರೆ ಕೆಟ್ಟೆವು. ಅದು ಅವನ ಜ್ವರದ ಥರ್ಮಾಮೀಟರ್ ಆಗಿಬಿಡುತ್ತದೆ. ಅದಕ್ಕೇ ಯಾರ ಹಲ್ಲು ಎಂದು ಮೊದಲು ಗುರುತಿಸಿ, ಆಮೇಲೆ ಯಂತ್ರಕ್ಕೆ ಹಾಕುವುದು.

ಅಂದಹಾಗೆ ಕಾರೈ ಕಡಲಿನ ಕಾಲದಲ್ಲಿ ನಮ್ಮ ಮಲೆನಾಡು ಎಲ್ಲಿತ್ತು? ಈಗಿರುವಲ್ಲಿ ಅಲ್ಲ. ಭಾರತದ ಇಡೀ ನೆಲ ಭೂಮಧ್ಯರೇಖೆಯಿಂದ ಬಹಳ ದಕ್ಷಿಣಕ್ಕಿತ್ತು. ಪೂರ್ವದ ಕಡೆಯಲ್ಲಿ ಶಾರ್ಕುಗಳ ಕಡಲಿತ್ತು. ಪಶ್ಚಿಮದಲ್ಲಿ ಮಲ್ಪೆಯೂ ಇಲ್ಲ, ಅರಬ್ಬಿ ಕಡಲೂ ಇಲ್ಲ, ನಮ್ಮ ಪಕ್ಕಕ್ಕೆ ಮಡಗಾಸ್ಕರ್ ಅಂಟಿಕೊಂಡಿತ್ತು. ಸುಮಾರು 8.8 ಕೋಟಿ ವರ್ಷ ಹಿಂದೆ ಅದು ಬಿಟ್ಟುಹೋಗುವಾಗ ನೆಲ ಸೀಳಿ ಬಿಸಿ ಶಿಲಾರಸ ಉಕ್ಕಿತು. ಮಲ್ಪೆಯಿಂದ ದೋಣಿಯಲ್ಲಿ ಹೋಗಿ ನೋಡುವ ಸೇಂಟ್ ಮೇರಿ ದ್ವೀಪದ ಕಂಬದಂಥ ಕಲ್ಲುಗಳು ಆಗ ಆರಿ ಗಟ್ಟಿಯಾದ ಶಿಲಾರಸ. ಶಾಲೆಯ ಟೂರಿನಲ್ಲಿ ಹೋದರೆ ಫೋಟೋ ತೆಗೆಸಿಕೊಳ್ಳುವ ಮೊದಲು ಒಮ್ಮೆ ಮುಟ್ಟಿ ನೋಡಿ.

ಕಲ್ಲಾಗದ ಹಲ್ಲನ್ನು ನೋಡಬೇಕೆಂದರೆ ಮಲ್ಪೆ ಬಂದರಿನಲ್ಲೇ ಕೇಳಿ. ಬಲೆಗೆ ಸಿಕ್ಕ ಸಣ್ಣ ತಾಟೆಯ ಬಾಯನ್ನು ಕೋಲಿನಿಂದ ತೆರೆದು ತೋರಿಸುತ್ತಾರೆ. ಹಿಂದಿನ ಸಾಲುಗಳು ಮಲಗಿರುವುದು ಕಾಣುತ್ತದೆ. ಬೆರಳು ಹಾಕಬೇಡಿ, ಸತ್ತ ಶಾರ್ಕಿನ ಹಲ್ಲೂ ಕೊಯ್ಯುತ್ತದೆ. ಶೃಂಗೇರಿಯಲ್ಲಿ ನೀವು ಮಂಡಕ್ಕಿ ಹಾಕುವ ತುಂಗೆಯ ಮೀನುಗಳ ಬಾಯಲ್ಲಿ ಹೀಗೆ ಹುಡುಕಿದರೆ ಹಲ್ಲೇ ಇಲ್ಲ. ಮಹಸೀರ್ ಜಾತಿಯ ಮೀನಿಗೆ ಹಲ್ಲಿರುವುದು ಗಂಟಲಿನಲ್ಲಿ!

ಯಾವಾಗಲಾದರೂ ಅರಿಯಲೂರಿನ ಕಡೆಗೆ ಹೋದರೆ ಅಲ್ಲಿನ ವಾರಣವಾಸಿಯಲ್ಲಿ ಪಳೆಯುಳಿಕೆಗಳ ಮ್ಯೂಸಿಯಂ ಇದೆ, ಅದನ್ನು ನೋಡಿ. ಸುಣ್ಣಕಲ್ಲಿನ ಗಣಿಗಳಿಗೆ ಮಾತ್ರ ಅಪ್ಪಣೆಯಿಲ್ಲದೆ ಇಳಿಯಬಾರದು, ಅಂಚು ಕುಸಿಯುತ್ತದೆ. ಎಲ್ಲಾದರೂ ದಾರಿಯ ಪಕ್ಕದ ಕೊರಕಲಿನಲ್ಲಿ ಹಲ್ಲಿನಂಥದ್ದೊಂದು ಕಂಡಿತು ಎನ್ನಿ. ಖುಷಿಗೆ ಕೂಡಲೇ ಕಿತ್ತು ಜೇಬಿಗೆ ಹಾಕಬೇಡಿ. ಮೊದಲು ಇದ್ದ ಹಾಗೇ ಫೋಟೋ ತೆಗೆಯಿರಿ. ಯಾವ ಊರು, ಯಾವ ದಿಬ್ಬ, ಕೆಳಗಿನಿಂದ ಎಷ್ಟನೇ ಪದರ, ಮಣ್ಣಿನ ಬಣ್ಣ ಏನು, ಪಕ್ಕದಲ್ಲಿ ಇನ್ನೇನಿತ್ತು ಎಂದು ನೋಟ್‌ಬುಕ್ಕಿನಲ್ಲಿ ಬರೆಯಿರಿ. ಚಿತ್ರ ಬರೆಯಲು ಬಂದರೆ ಇನ್ನೂ ಒಳ್ಳೆಯದು. ಆಮೇಲೆ ಮ್ಯೂಸಿಯಮ್ಮಿನವರಿಗೆ ಫೋಟೋ ತೋರಿಸಿ, ಏನು ಮಾಡಬೇಕೆಂದು ಅವರು ಹೇಳುತ್ತಾರೆ. ಎಲ್ಲಿ ಸಿಕ್ಕಿತೆಂದು ಗೊತ್ತಿಲ್ಲದ ಹಲ್ಲು ಶೋಕೇಸಿನಲ್ಲಿ ಚೆಂದ ಕಾಣುತ್ತದೆ. ಆದರೆ ಅದು ಬಿದ್ದ ಕಡಲಿನ ಬಗ್ಗೆ ಕೇಳಿದರೆ ಅರ್ಧ ಉತ್ತರವೂ ಸಿಗುವುದಿಲ್ಲ.